ಕಾರವಾರವೋ ಹೈದರಾಬಾದೋ

ಇಳಕಲ್ಲಿನ ನನ್ನ ಅಣ್ಣನ ಮನೆಯಲ್ಲಿ ರಜೆಯನ್ನು ತೀರ್ಮಾನಿಸುವುದು ಕ್ಯಾಲೆಂಡರ್ ಅಲ್ಲ, ಮಗ್ಗ. ನಡುಮನೆಯ ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ವೈನಿ, ಅಂದರೆ ಅಣ್ಣನ ಹೆಂಡತಿ, ಸೀರೆ ನೇಯುತ್ತಾರೆ. ಮಗ್ಗದ ಉದ್ದಕ್ಕೂ ಬಿಗಿದು ಕಟ್ಟಿದ ನೂಲಿಗೆ ಹಾಸು ಎಂದು ಹೆಸರು. ಅದು ತೀರುವ ತನಕ ಆ ಮನೆಯಿಂದ ಯಾರೂ ದೂರದ ಊರಿಗೆ ಹೋಗುವುದಿಲ್ಲ. ಉಳಿದವರು ಮುಹೂರ್ತ ನೋಡುವ ಹಾಗೆ ಇವರು ಮಗ್ಗದ ಮೇಲೆ ಇನ್ನೆಷ್ಟು ನೂಲು ಉಳಿದಿದೆ ಎಂದು ನೋಡಿ, ಆಮೇಲೆ ಬಸ್ಸಿನ ಮಾತೆತ್ತುತ್ತಾರೆ.

ಈ ಸಲ ಆ ಮಾತು ಎತ್ತುವುದಕ್ಕೆ ಎಲ್ಲರಿಗೂ ಸ್ವಲ್ಪ ಹೆದರಿಕೆಯಿತ್ತು. ವೈನಿಯ ಬಲಭುಜ ಬಹಳ ದಿನಗಳಿಂದ ನೋಯುತ್ತಿತ್ತು. ದವಾಖಾನೆಯಲ್ಲಿ ವಿಶ್ರಾಂತಿ ತೆಗೆದುಕೊಳ್ಳಿ ಎಂದಿದ್ದರು. “ಈ ಹಾಸು ತೀರ್ಲಿ. ಮುಂದಿಂದು ಹಾಕೋದೋ ಬ್ಯಾಡೋ ಆಮ್ಯಾಲ ನೋಡೂಣು,” ಎಂದು ಒಂದು ಬೆಳಗ್ಗೆ ರೊಟ್ಟಿ ಬಡಿಯುತ್ತ ವೈನಿ ಹೇಳಿಬಿಟ್ಟಿದ್ದರು. ವೈನಿಗೆ ಅತ್ತೆಯಿಂದ, ಅಂದರೆ ನಮ್ಮ ಅವ್ವನಿಂದ, ಬಂದ ಮಗ್ಗ ಅದು. ಹೀಗಾಗಿ ರಜೆಗೆ ಎಲ್ಲಿ ಹೋಗಬೇಕೆಂಬ ಸಣ್ಣ ಪ್ರಶ್ನೆಯ ಬೆನ್ನಿಗೆ, ಬಂದ ಮೇಲೆ ಮಗ್ಗ ನಡೆಯುತ್ತದೋ ನಿಲ್ಲುತ್ತದೋ ಎಂಬ ದೊಡ್ಡ ಪ್ರಶ್ನೆ ಬಂದು ಕೂತಿತ್ತು.

ಅಣ್ಣನ ಮನಸ್ಸು ಹೈದರಾಬಾದಿನ ಮೇಲೆ. ಅಲ್ಲಿ ವಸ್ತುಸಂಗ್ರಹಾಲಯಗಳು ಬೇಕಾದಷ್ಟಿವೆ. ಒಂದರಲ್ಲಿ ನಮ್ಮ ಕಡೆಯ ಹಳೆಯ ಸೀರೆಯನ್ನು ಗಾಜಿನೊಳಗೆ ಇಟ್ಟಿದ್ದಾರಂತೆ ಎಂದು ಅವನು ಯಾರಿಂದಲೋ ಕೇಳಿದ್ದ. ಅದನ್ನು ನೋಡಿದರೆ ಹೆಂಡತಿಗೆ ಮತ್ತೆ ಮಗ್ಗದ ಮೇಲೆ ಮನಸ್ಸು ಬಂದೀತು ಎಂಬುದು ಅವನ ಲೆಕ್ಕಾಚಾರ. ಕಾಲೇಜು ಓದುವ ಮಗಳು ಶಿಲ್ಪಾ ಕಾರವಾರದ ಪಕ್ಷ. ಅವ್ವ ಒಮ್ಮೆಯಾದರೂ ನೂಲಲ್ಲದ ಏನನ್ನಾದರೂ ನೋಡಲಿ ಎಂಬುದು ಅವಳ ಹಟ. ಬಾಗಲಕೋಟೆಯಿಂದ ನಾನು ಹೋದ ಭಾನುವಾರ ಸೂಟಿಯ, ಅಂದರೆ ರಜೆಯ, ವಿಷಯಕ್ಕೆ ತಂದೆ ಮಗಳ ಜಗಳ ರಂಗೇರಿತ್ತು.

“ಅಪ್ಪಾ, ಯವ್ವ ದಿನಾ ಬೆಳಗಾದ್ರ ಸೀರೀನ ನೋಡ್ತಾಳ. ಸೂಟ್ಯಾಗೂ ಸೀರೀನ ತೋರಸ್ತೀಯೇನು? ನೀ ಗ್ರ್ಯಾನೈಟ್ ಪಾಲಿಶ್ ಮಾಡಾಂವ. ನಿನ್ನ ಸೂಟಿಗೆ ಕಲ್ಲಿನ ಖಣಿಗೆ ಕರಕೊಂಡು ಹೋಗ್ಲೇನು?”

“ಸಮುದ್ರದಾಗ ಏನೈತಿ? ಉಪ್ಪು ನೀರು. ಒಂದ್ ತಾಸು ನೋಡಿದ್ರ ಮುಗೀತು. ಮ್ಯೂಸಿಯಂ ಅಂದ್ರ ಶಾಣ್ಯಾರ ಹೋಗೂ ಜಾಗಾ.”

“ಹೌದೌದು. ಬಾದಾಮಿಗೆ ಹೋದಾಗ ಜಗತ್ತಿನ ಶಾಣ್ಯಾರೆಲ್ಲಾ ಗವಿ ನೋಡಾಕತ್ತಿದ್ರು, ನೀ ಮಂಗ್ಯಾನ ನೋಡಕೋತ ನಿಂತಿದ್ದಿ.”

“ಮಂಗ್ಯಾ ನನ್ನ ಟೊಪಿಗಿ ಒಯ್ದಿತ್ತಲೇ!” ಎಂದ ಅಣ್ಣ, ನನ್ನ ಕಡೆ ತಿರುಗಿ, “ತಂಗಿ, ನೀ ಬರೀತಿ, ಓದ್ತಿ. ನೀನ ಹೇಳು,” ಎಂದು ತೀರ್ಪನ್ನು ನನ್ನ ಕೈಗಿಟ್ಟ.

ಗೆಳೆಯರೇ, ತೀರ್ಪು ಕೇಳಿದರೆ ನನಗೆ ತಡೆದುಕೊಳ್ಳಲಾಗುವುದಿಲ್ಲ. ನಾನು ಕಡಲಿನ ಕಡೆಯವಳು ಎಂದು ಹೇಳಿಬಿಟ್ಟೆ. ಬಾದಾಮಿಯ ಗವಿಗಳ ಕೆಳಗೆ ಬಟ್ಟೆ ಒಗೆದು, ಮಹಾಕೂಟದ ಹೊಂಡದಲ್ಲಿ ಈಜಿ, ಕಮಲ ಕೆತ್ತಿದ ಕಲ್ಲಿನ ಮೇಲೆ ಕೂತು ಶೇಂಗಾ ಸುಲಿದು ದೊಡ್ಡವರಾದ ನಮ್ಮ ಜಿಲ್ಲೆಯವರಿಗೆ ವಸ್ತುಸಂಗ್ರಹಾಲಯ ಯಾಕೆ ಬೇಕು? ಅದು ಒಂದು ವಸ್ತುವನ್ನು ಬದುಕಿನಿಂದ ಬಿಡಿಸಿ, ಮೇಲೊಂದು ದೀಪ ಹಾಕಿ, ಮುಟ್ಟಬೇಡಿ ಎನ್ನುವ ಜಾಗ. ನಾವೋ ಎಲ್ಲವನ್ನೂ ಮುಟ್ಟಿ ಮುಟ್ಟಿಯೇ ಸವೆಸಿದವರು. ಕಡಲು ಹಾಗಲ್ಲ, ಅದು ಏನನ್ನೂ ಜೋಪಾನ ಮಾಡುವುದಿಲ್ಲ, ಯಾವುದಕ್ಕೂ ಚೀಟಿ ಅಂಟಿಸುವುದಿಲ್ಲ. ಸಾಕ್ಷಿಗೆ ನನ್ನ ಬಾಲ್ಯದ ಒಂದು ನೆನಪನ್ನೂ ತಂದೆ: ಅಪ್ಪ ನಮ್ಮನ್ನು ಕಡಲಿಗೆ ಕರೆದೊಯ್ದದ್ದು, ಹಿಂದೆ ನೀಲಿ ತೆರೆ, ಒಂದು ತೆಂಗಿನ ಮರ, ತುಟಿಯ ಮೇಲೆ ಉಪ್ಪು.

ಅಣ್ಣ ಹೊಟ್ಟೆ ಹಿಡಿದುಕೊಂಡು ನಕ್ಕ. “ಯಾವ ಸಮುದ್ರವಾ? ಅದು ಹುನಗುಂದದ ಫೋಟೋ ಸ್ಟುಡಿಯೋದ ಪರದಿ! ತೆಂಗಿನ ಮರಕ್ಕ ತೂತು ಬಿದ್ದಿತ್ತು, ಅದರಾಗ ನಾ ಬಟ್ಟು ಹಾಕಿ ಬೈಸಿಕೊಂಡಿದ್ನಿ.”

ಅವನು ಹೇಳಿದ್ದು ಖರೆ ಇರಬೇಕು. ಅಪ್ಪ ಕಡಲು ಕಂಡವನಲ್ಲ. ಆದರೂ ಆ ಉಪ್ಪಿನ ರುಚಿ ಹೋಗಲಿಲ್ಲ. ಬಸ್ ನಿಲ್ದಾಣದಲ್ಲಿ ಕೊಡಿಸಿದ ಸೌತೆಕಾಯಿಯದೋ, ಅತ್ತದ್ದೋ, ಯಾವುದೋ ಉಪ್ಪನ್ನು ತಂದು ಬಣ್ಣದ ಪರದೆಗೆ ಸವರಿ ನಾನೊಂದು ಪ್ರವಾಸವನ್ನೇ ಕಟ್ಟಿಕೊಂಡಿದ್ದೆ. ನನ್ನ ನೆನಪು ಬೇಡದ್ದನ್ನು ಬಿಟ್ಟು, ಬೇಕಾದ್ದಕ್ಕೆ ಬೆಳಕು ಬಿಟ್ಟು, ಪಕ್ಕಕ್ಕೆ ಒಂದು ಸಾಲು ವಿವರಣೆ ಬರೆದಿಟ್ಟಿತ್ತು. ವಸ್ತುಸಂಗ್ರಹಾಲಯ ಬೇಡ ಎಂದು ವಾದಿಸಿದವಳ ತಲೆಯೊಳಗೆ ಅದೇ ಅಂಗಡಿ ತೆರೆದಿತ್ತು. ಅಷ್ಟೇ ಅಲ್ಲ, ಗಾಜಿನೊಳಗಿನ ಸೀರೆಯ ಎದುರು ಜನ ಸುಮ್ಮನೆ ನಿಂತು ನೋಡುತ್ತಾರೆ ಎಂಬುದನ್ನೂ ನಾನು ಮರೆತಿದ್ದೆ. ವೈನಿಯ ಸೀರೆಯ ಎದುರು ಯಾರು ಹಾಗೆ ನಿಂತಿದ್ದಾರೆ? ಅಂಗಡಿಯವರು ಮಗುಚಿ ಹಾಕುತ್ತಾರೆ, ಕೊಳ್ಳುವವರು ಚೌಕಾಸಿ ಮಾಡುತ್ತಾರೆ, ನಾವು ಉಟ್ಟು ಒಗೆಯುತ್ತೇವೆ. ಆ ನಿಂತ ಜನರನ್ನು ಹೆಂಡತಿಗೆ ತೋರಿಸಬೇಕೆಂಬ ಅಣ್ಣನ ಆಸೆ ನನ್ನ ವಾದದಷ್ಟು ಚುರುಕಾಗಿರಲಿಲ್ಲ, ಅದಕ್ಕಿಂತ ಒಳ್ಳೆಯದಾಗಿತ್ತು.

ಇಷ್ಟೆಲ್ಲ ನಡೆಯುವಾಗ ಯಾರಿಗಾಗಿ ಈ ಪ್ರವಾಸವೋ ಅವರು ಮೂರು ಮಾರು ದೂರದಲ್ಲಿ ಲಾಳಿ ಓಡಿಸುತ್ತಿದ್ದರು. “ವೈನಿ, ನೀವರ ಹೇಳ್ರಿ,” ಎಂದೆ.

“ಮದಲ ಇದು ತೀರ್ಲಿ ತಡೀರಿ. ನೀವು ಮೂರೂ ಮಂದಿ ಬಾಯಾಗ ನೇಯೋದು ತೀರೂದ್ರಾಗ ನನ್ನ ಸೀರಿ ತೀರತೈತಿ.”

ಹಾಗೆಯೇ ಆಯಿತು. ಕೊನೆಯ ಸೀರೆಯನ್ನು ಕತ್ತರಿಸಿ ಮಡಿಸಿಟ್ಟು ವೈನಿ, “ಕಾರವಾರಕ್ಕ ಹೋಗೂಣು,” ಎಂದರಂತೆ. ಕಾರಣ ಹೇಳಲಿಲ್ಲ. ಅಣ್ಣನ ಮುಖ ಬಾಡಬೇಕಾಗಿತ್ತು, ಆದರೆ ಹೊರಡುವ ದಿನ ಅವರ ಜೊತೆಗೂಡಲು ನಾನು ಹೋದಾಗ ಅವನು ಮದುಮಗನ ಹಾಗೆ ಓಡಾಡುತ್ತಿದ್ದ. ನನ್ನನ್ನು ಮಗ್ಗದ ಹತ್ತಿರ ಕರೆದು ಪಿಸುಗುಟ್ಟಿದ: “ನೋಡಿದೇನು? ತುದಿ ಬಿಟ್ಟಾಳ.”

ನೇಕಾರರ ಮನೆಯ ರೂಢಿ ಗೊತ್ತಿಲ್ಲದವರಿಗೆ ಹೇಳಬೇಕು. ಸೀರೆ ಕತ್ತರಿಸಿದ ಮೇಲೂ ಹಣಿಗೆಯೊಳಗೆ, ಅಂದರೆ ಎಳೆಗಳು ತೂರಿಬರುವ ಮಗ್ಗದ ಬಾಚಣಿಗೆಯೊಳಗೆ, ಒಂದು ಗೇಣು ನೂಲಿನ ತುದಿಗಳನ್ನು ಹಾಗೇ ಬಿಟ್ಟಿರುತ್ತಾರೆ. ಹೊಸ ಹಾಸು ಬಂದಾಗ ಅದರ ಒಂದೊಂದು ಎಳೆಯನ್ನೂ ಹಳೆಯ ಒಂದೊಂದು ತುದಿಗೆ ಬೆರಳಲ್ಲೇ ಹೊಸೆದು ಕೂಡಿಸಿ ಎಳೆದುಕೊಂಡರೆ ಮಗ್ಗ ತಯಾರು. ಮಗ್ಗವನ್ನು ನಿಲ್ಲಿಸುವವರು ಮಾತ್ರ ಆ ತುದಿಗಳನ್ನು ಕಿತ್ತು ತೆಗೆಯುತ್ತಾರೆ. ವೈನಿ ಕಿತ್ತಿರಲಿಲ್ಲ, ಜಾರದಂತೆ ಗೊಂಚಲು ಗೊಂಚಲಾಗಿ ಗಂಟು ಹಾಕಿದ್ದರು. “ಎಲ್ಲಿಗಿ ಹೋದ್ರೂ ವಾಪಸ್ ಬರಾಕೀನ,” ಎಂದ ಅಣ್ಣ. ನನಗೂ ಹಾಗೇ ಅನ್ನಿಸಿತು. ಬಸ್ಸಿನಲ್ಲಿ ಅವನು ದಾರಿಯುದ್ದಕ್ಕೂ ಸಮುದ್ರವನ್ನು ಹೊಗಳಿದ.

ಕಾರವಾರದಲ್ಲಿ ಶಿಲ್ಪಾ ಬಸ್ಸಿನಿಂದ ಇಳಿದವಳೇ ನೀರಿಗೆ ಓಡಿದಳು. ನಾವು ಮೂವರು ಮರಳಿನ ಮೇಲೆ ಕೂತೆವು. ವೈನಿ ಬಹಳ ಹೊತ್ತು ತೆರೆ ನೋಡಿ, “ಪಾಪ, ಇದಕ್ಕ ಸೂಟೀನ ಇಲ್ಲಲ್ಲ,” ಎಂದರು. ಅದಕ್ಕೊಂದು ಅರ್ಥ ಹಚ್ಚಲು ನನ್ನ ನಾಲಿಗೆ ತುರಿಸಿತು. ಆದರೆ ನಾನು ನೋಡಿದ್ದು ಅವರ ಬಲಗೈಯನ್ನು. ಅದು ಅಂಗೈ ಮೇಲಾಗಿ ಮರಳಿನ ಮೇಲೆ ಬಿದ್ದುಕೊಂಡಿತ್ತು, ಏನೂ ಮಾಡುತ್ತಿರಲಿಲ್ಲ. ಆ ಕೈ ಹಾಗೆ ಬಿದ್ದದ್ದನ್ನು ನಾನು ಹಿಂದೆ ಕಂಡಿರಲಿಲ್ಲ.

ಸಮಯ ಕೂಡಿಬಂತೆಂದು ಅಣ್ಣ ಮೆಲ್ಲಗೆ ಕೇಳಿದ: “ಮುಂದಿನ ಹಾಸು ಯಾವ ಬಣ್ಣದ್ದು ತರಾಕ ಹೇಳ್ಲಿ?”

“ಯಾವ್ದರ ಹೇಳ್ರಿ. ನೇಯಾವ್ರು ನೀವು.”

“ಅಂದ್ರ?”

“ಅಂದ್ರ ಏನ್ರಿ? ನನ್ನ ಲಗ್ನ ಆಗಿ ಬರೂ ತನಕಾ ಅತ್ತಿ ಕೈಯಾಗ ಕಲ್ತು ಆ ಮಗ್ಗದ ಮ್ಯಾಲ ಕೂಡ್ತಿದ್ದವ್ರು ನೀವಲ್ಲೇನು? ಫ್ಯಾಕ್ಟರಿಯಿಂದ ಬಂದು ಟಿವಿ ಮುಂದ ಕೂಡೂ ಬದ್ಲಿ ಅಲ್ಲೇ ಕೂಡ್ರಿ. ನಿಮಗಂತನ ತುದಿ ಬಿಟ್ಟೀನಿ.”

ಅಣ್ಣ ನನ್ನನ್ನು ನೋಡಿದ. ನಾನು ಸಮುದ್ರ ನೋಡಿದೆ.

“ಮತ್ತ ನೀ?” ಎಂದ.

“ನಾ ಹೈದರಾಬಾದಿಗೆ ಬರ್ತೇನಿ, ನೀವು ನೇಯ್ದದ್ದ ಒಂದು ಉಟಗೊಂಡು. ಈಗ ಹೋಗಿದ್ರ ಆ ಗಾಜಿನ್ಯಾಗಿನ ಸೀರ್ಯಾಗ ಎಲ್ಲಿ ಎಳಿ ತಪ್ಪೇತಿ ಅಂತ ಹುಡಿಕ್ಯೋತ ನಿಂದರ್ತಿದ್ನಿ. ಒಂದಷ್ಟು ದಿನ ಕೈ ಬಿಡ್ತೇನಿ. ಆಮ್ಯಾಲ ಮಂದೀಗತೆ ಬರೇ ನೋಡ್ತೇನಿ.”

ಇದರ ಎದುರು ನನ್ನ ಕಡಲಿನ ವಾದವೂ ಅಣ್ಣನ ಗಾಜಿನ ಆಸೆಯೂ ಒಂದೇ ತೂಕಕ್ಕೆ ಬಂದವು. ನಾವು ಊರುಗಳನ್ನು ಆರಿಸುತ್ತಿದ್ದೆವು. ವೈನಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಆರಿಸಿಕೊಂಡಿದ್ದರು.

ಶಿಲ್ಪಾ ನೀರಿನಿಂದ ಎಷ್ಟು ಕೂಗಿದರೂ ಅಣ್ಣ ಏಳಲಿಲ್ಲ. ಕಲ್ಲಿನ ಪುಡಿಯಲ್ಲಿ ಒರಟಾದ ತನ್ನ ಬೆರಳುಗಳನ್ನು ಮುಂದೆ ಚಾಚಿ, ಹೆಬ್ಬೆರಳು ತೋರುಬೆರಳು ಕೂಡಿಸಿ, ಇಲ್ಲದ ಒಂದು ಎಳೆಯನ್ನು ಗಾಳಿಯಲ್ಲಿ ಹೊಸೆದು ನೋಡಿಕೊಂಡ.

“ಒಳಮುಖಾ ಹೊಸೀಬೇಕ್ರಿ,” ಎಂದರು ವೈನಿ, ಕಣ್ಣನ್ನು ತೆರೆಗಳಿಂದ ತೆಗೆಯದೆ.