ಕುರಿಯ ನಂತರದ ಸದಸ್ಯ

ಫುಟ್‌ಬಾಲ್ ಕ್ಲಬ್ಬಿನ ಸದಸ್ಯನಾಗಲು ನಾನು ಕೊಟ್ಟದ್ದು ಹತ್ತು ಡಾಲರ್. ಕೇಳಿದ್ದು ಇಪ್ಪತ್ತು. ಫುಟ್‌ಬಾಲಿನ ಹುಚ್ಚು ನನಗಿಲ್ಲ. ನಮ್ಮ ಕನ್ನಡದವರ ಕ್ರೀಡಾಕೂಟಕ್ಕೆ ಬೇಸಿಗೆಯಲ್ಲಿ ಒಂದು ಭಾನುವಾರ ಮೈದಾನ ಬೇಕಿತ್ತು. ನ್ಯೂ ಲಿನ್‌ ಹತ್ತಿರದ ಆ ಸಣ್ಣ ಕ್ಲಬ್ಬಿನಲ್ಲಿ ಹೊರಗಿನವರಿಗೆ ಬಾಡಿಗೆ ಮುನ್ನೂರು, ಸದಸ್ಯರಿಗೆ ಪುಕ್ಕಟೆ. ಕಾರ್ಪೆಟ್ ತೊಳೆಯುವ ಒಂದು ಮೆಷೀನಿನಿಂದ ಶುರುಮಾಡಿ ನಾಲ್ಕು ವ್ಯಾನು ಮಾಡಿಕೊಂಡವನು ನಾನು. ಕೇಳಿದಷ್ಟು ಕೊಟ್ಟು ಅಭ್ಯಾಸವಿಲ್ಲ.

ಕ್ಲಬ್ಬಿನ ಕಾರ್ಯದರ್ಶಿ ಎಪ್ಪತ್ತು ದಾಟಿದ ಒಬ್ಬ ಕಿವಿ ಆಂಟಿ, ಅಂದರೆ ಇಲ್ಲೇ ನ್ಯೂಜಿಲೆಂಡಿನಲ್ಲೇ ಹುಟ್ಟಿ ಬೆಳೆದವರು. ನಾನು ಹೋದಾಗ ಗಂಬೂಟು ಹಾಕಿಕೊಂಡು ಮೈದಾನಕ್ಕೆ ಬಿಳಿ ಗೆರೆ ಎಳೆಯುತ್ತಿದ್ದರು.

"ಇವತ್ತು ಮ್ಯಾಚ್ ಇದೆಯಾ ಆಂಟಿ?"

"ಇಲ್ಲ. ಟೀಮೇ ಇಲ್ಲ. ನಾಲ್ಕು ವರ್ಷ ಆಯ್ತು."

"ಮತ್ತೆ ಗೆರೆ ಯಾಕೆ?"

"ಗೆರೆ ಇಲ್ದಿದ್ರೆ ಇದು ಬರೀ ಹುಲ್ಲು. ಬರೀ ಹುಲ್ಲನ್ನ ಕೌನ್ಸಿಲ್‌ನವರು ವಾಪಸ್ ತಗೋತಾರೆ."

"ಟೀಮೇ ಇಲ್ಲ ಅಂದ್ಮೇಲೆ ಇದು ಅರ್ಧ ಕ್ಲಬ್ಬು. ಅರ್ಧ ದುಡ್ಡು ತಗೊಳ್ಳಿ."

ಆಂಟಿ ಒಳಗೆ ಹೋಗಿ, ಕಪಾಟಿನ ತಳದಿಂದ ನೀಲಿ ರಸೀದಿ ಪುಸ್ತಕ ಹುಡುಕಿ ತೆಗೆದು ಹತ್ತಕ್ಕೆ ಬರೆದುಕೊಟ್ಟರು. ಮೊದಲ ಮಾತಿಗೇ ಒಪ್ಪಿದರೆ ಅನುಮಾನ ಪಡಬೇಕೆಂದು ನಾನೇ ಊರಿಗೆಲ್ಲ ಹೇಳುವವನು. ಅವತ್ತು ಪಡಲಿಲ್ಲ.

"ಮುಂದಿನ ಭಾನುವಾರ ವಾರ್ಷಿಕ ಸಭೆ, ತಪ್ಪಿಸ್ಬೇಡ," ಎಂದರು. "ಏಳು ಜನ ಸೇರದಿದ್ರೆ ಕ್ಲಬ್ಬು ಮುಚ್ಬೇಕು ಅಂತ ನಿಯಮ. ನಾವು ಉಳಿದಿರೋದು ಆರು."

ಸಭೆಯ ದಿನ ಅಧ್ಯಕ್ಷರು ಒಬ್ಬೊಬ್ಬರ ರಸೀದಿ ನೋಡುತ್ತ ಬಂದರು. ಆಂಟಿಗಿಂತ ಹಿರಿಯರು, ಶಿಸ್ತಿನ ಮನುಷ್ಯ. ನನ್ನದನ್ನು ಬೆಳಕಿಗೆ ಹಿಡಿದರು.

"ನೀಲಿ ಅಂದ್ರೆ ಬೆಂಬಲಿಗ. ಬೆಂಬಲಿಗನಿಗೆ ಚಪ್ಪಾಳೆ ಹೊಡೆಯೋ ಹಕ್ಕಿದೆ. ಲೆಕ್ಕಕ್ಕೆ ಬರಲ್ಲ."

"ಇನ್ನು ಹತ್ತು ಕೊಡ್ತೀನಿ."

"ಏಳು ದಿನ ಮುಂಚೆ ಕೊಡ್ಬೇಕಿತ್ತು."

"ಐವತ್ತು." ಜೀವಮಾನದಲ್ಲಿ ಮೊದಲ ಸಲ ನಾನೇ ಬೆಲೆ ಏರಿಸಿದ್ದೆ. ಅವರು ಆಗುವುದಿಲ್ಲವೆಂದು ತಲೆಯಾಡಿಸಿದರು.

ಆಂಟಿ ಕೀಲಿಗೊಂಚಲನ್ನು ಮೇಜಿನ ಮೇಲಿಟ್ಟರು. "ಆ ನೀಲಿ ಪುಸ್ತಕ ಮುಟ್ಟಿ ಎಷ್ಟೋ ವರ್ಷ ಆಗಿತ್ತು, ಅದು ಬೆಂಬಲಿಗರದ್ದು ಅನ್ನೋದೇ ಮರೆತುಹೋಗಿತ್ತು. ಸೋಮವಾರ ಈ ಕೀಲಿನ ನಾನೇ ಕೌನ್ಸಿಲ್‌ಗೆ ಕೊಟ್ಟು ಬರ್ತೀನಿ," ಎಂದು ಎಲ್ಲರಿಗೂ ಟೀ ಬಗ್ಗಿಸತೊಡಗಿದರು. ಹತ್ತು ಡಾಲರ್ ಉಳಿಸಲು ಹೋಗಿ ಒಂದು ಕ್ಲಬ್ಬನ್ನೇ ಮುಳುಗಿಸಿದ್ದೆ.

ಏಳನೆಯವನಿಗಾಗಿ ಅರ್ಧ ಗಂಟೆ ಕಾಯಬೇಕೆಂದೂ ನಿಯಮವಿತ್ತು. ಆ ಅರ್ಧ ಗಂಟೆಯಲ್ಲಿ ಕಪಾಟಿನ ಹಳೆಯ ನಡಾವಳಿ ಪುಸ್ತಕಗಳನ್ನು ಕೆಳಗಿಳಿಸಿದೆ. ನಿಯಮ ಎಂದಮೇಲೆ ಅದನ್ನು ಮುರಿದ ದಿನವೂ ಎಲ್ಲೋ ಇರಲೇಬೇಕು. ಇತ್ತೀಚಿನದರಿಂದ ಹಿಂದಕ್ಕೆ ಕ್ಲಬ್ಬಿನ ಚರಿತ್ರೆ ಬಿಚ್ಚಿಕೊಂಡಿತು. ಗೋಲುಕಂಬವನ್ನು ಯಾರೋ ಸೌದೆಗೆ ಒಯ್ದದ್ದು. ಹಳ್ಳಕ್ಕೆ ಬಿದ್ದ ಚೆಂಡು ತರಲು ಹೋದ ರೆಫರಿ ವಾಪಸ್ ಬಾರದೆ ಪಂದ್ಯ ಡ್ರಾ ಆದದ್ದು. ಅದಕ್ಕೂ ಹಿಂದೆ, ಒಂದು ಚಳಿಗಾಲದ ಸಭೆಗೆ ಆರೇ ಜನ ಬಂದಿದ್ದರು. ಏಳನೆಯ ಹೆಸರಿನ ಜಾಗದಲ್ಲಿ ಹೀಗಿತ್ತು: ಮೈದಾನದ ಕುರಿ, ಶುಲ್ಕದ ಬದಲು ಹುಲ್ಲು ಮೇಯುವ ಸೇವೆ, ಇಂದಿನಿಂದಲೇ ಪೂರ್ಣ ಸದಸ್ಯತ್ವ. ಎಲ್ಲ ನಿರ್ಣಯಗಳಲ್ಲೂ ಕುರಿ ತಟಸ್ಥ. ಕೆಳಗೆ ಇದೇ ಅಧ್ಯಕ್ಷರ ಸಹಿ.

ಪುಸ್ತಕವನ್ನು ಅವರ ಮುಂದಿಟ್ಟೆ. ಕನ್ನಡಕ ಸರಿಮಾಡಿಕೊಂಡು ತಮ್ಮ ಸಹಿಯನ್ನು ನೋಡಿದರು.

"ಅವತ್ತು ತುಂಬ ಮಳೆ," ಎಂದರು.

"ಕುರಿ ಏಳು ದಿನ ಮುಂಚೆ ಶುಲ್ಕ ಕಟ್ಟಿತ್ತಾ ಅಂಕಲ್?"

"ಕುರಿ ಕೆಲಸ ಮಾಡ್ತಿತ್ತಪ್ಪ. ನೀನೇನು ಮಾಡ್ತೀಯ?"

ಕಾಲಕೆಳಗೆ ನೋಡಿದೆ. ನಲವತ್ತು ವರ್ಷದ ಕೆಸರು ಕುಡಿದ ಕಾರ್ಪೆಟ್. "ಇದನ್ನ ತೊಳೀತೀನಿ. ಪ್ರತಿ ವರ್ಷ."

ನಿರ್ಣಯ ದಾಖಲಾಯಿತು: ಕುರಿಯನ್ನು ಸೇರಿಸಿಕೊಂಡ ಕ್ರಮದಲ್ಲೇ, ಕಾರ್ಪೆಟ್ ತೊಳೆಯುವ ಸೇವೆಗಾಗಿ, ಪೂರ್ಣ ಸದಸ್ಯ. ಆಂಟಿ ಕೀಲಿಗೊಂಚಲನ್ನು ಜೇಬಿಗೆ ಹಾಕಿಕೊಂಡು ವರದಿ ಓದಿದರು. ಆಡಿದ ಪಂದ್ಯ ಸೊನ್ನೆ, ಸೋತದ್ದು ಸೊನ್ನೆ. ಏಳೂ ಜನ ಚಪ್ಪಾಳೆ ತಟ್ಟಿದೆವು.

ಮನೆಯಲ್ಲಿ ಹೇಳಿದರೆ ಹೆಂಡತಿ, "ಆ ಕುರಿ ಸಿಕ್ಕಿದ್ರೆ ಕೇಳಿ, ಅದರ ಮನೆ ಕಾರ್ಪೆಟ್ಟನ್ನ ಯಾವಾಗ ತೊಳೀತಿತ್ತು ಅಂತ," ಎಂದಳು.

ನೀವೂ ಇಲ್ಲಿ ಕ್ಲಬ್ಬು ಸೇರುವವರಿದ್ದರೆ ಕೇಳಿ. ಬೆಲೆ ಇಳಿಸಿ, ತಪ್ಪಿಲ್ಲ. ಬೆಲೆಯ ಜೊತೆ ಇನ್ನೇನು ಇಳಿಯಿತೆಂದು ವಿಚಾರಿಸಿ. ರಸೀದಿಯ ಬಣ್ಣ ನೋಡಿ. ಸಭೆಯಲ್ಲಿ ಹಳೆಯ ಪುಸ್ತಕಗಳ ಕಪಾಟಿನ ಪಕ್ಕವೇ ಕೂರಿ. ತೊಳೆಯುತ್ತೇನೆಂದು ಮಾತು ಕೊಡುವ ಮುನ್ನ ಕಾರ್ಪೆಟ್ಟಿನ ಒಂದು ಮೂಲೆ ಎತ್ತಿ ಕೆಳಗೆ ನೋಡಿ. ತೊಳೆದ ಮೇಲೆ ಅದು ಒಣಗುವವರೆಗೂ ಗಂಬೂಟಿನವರನ್ನು ಒಳಗೆ ಬಿಡಬೇಡಿ, ಅವರು ಕಾರ್ಯದರ್ಶಿಯಾದರೂ ಸರಿಯೇ.