ಬುರುಲಳ ಕಿರಿಮಗ

ಬುರುಲ್ ಮುದುಕಿಗೆ ತನ್ನ ಕಾಯಿಲೆಯ ಸುದ್ದಿ ತಿಳಿದದ್ದು ಡಾಕ್ಟರಿಂದಲ್ಲ, ದ್ರಾಕ್ಷಿಯಿಂದ. ಮಗ ಕುಬನ್ ಅವಳನ್ನು ನಾರಿನ್ ಪಟ್ಟಣದ ಆಸ್ಪತ್ರೆಗೆ ಕರೆದೊಯ್ದಿದ್ದ. ಡಾಕ್ಟರು ಅವಳನ್ನು ಹೊರಗೆ ಕೂರಿಸಿ, ಬಾಗಿಲು ಮುಚ್ಚಿಕೊಂಡು ಮಗನ ಹತ್ತಿರ ಮಾತಾಡಿದರು. ಹೊರಬಂದವನು ನೇರ ಬಜಾರಿಗೆ ಹೋಗಿ, ಬೀದಿಯಲ್ಲಿ ಇನ್ನೂ ಹಿಮ ಕರಗದಿರುವ ಆ ಕಾಲದಲ್ಲಿ, ಒಂದು ಪೆಟ್ಟಿಗೆ ದ್ರಾಕ್ಷಿ ತಂದು ಅವಳ ಮಡಿಲಲ್ಲಿಟ್ಟ. ಬಲು ಬಿಗಿಕೈಯವನು. ಮದುವೆಯಾದ ಹೊಸತರಲ್ಲಿ ಹೆಂಡತಿಗೂ ಒಂದು ಗೊಂಚಲು ತಂದವನಲ್ಲ.

"ಇನ್ನೆಷ್ಟು ದಿನ ಅಂದ್ರು?" ಎಂದಳು ಬುರುಲ್.

"ಏನು ಎಷ್ಟು ದಿನ? ಸುಮ್ನೆ ತಿನ್ನು ಅಪಾ. ಶಕ್ತಿ ಬರುತ್ತಂತೆ." ತಾಯಿಯನ್ನೂ ಅತ್ತೆಯನ್ನೂ ಆ ಕಡೆ ಅಪಾ ಎಂದೇ ಕರೆಯುತ್ತಾರೆ.

"ಶಕ್ತಿ ಬರೋ ಹಾಗಿದ್ರೆ ನೀನು ಇದನ್ನ ತರ್ತಿರ್ಲಿಲ್ಲ ಬಿಡು."

ಕುಬನ್ ಮುಖ ಆಚೆ ತಿರುಗಿಸಿಕೊಂಡ. ಅಲ್ಲಿಗೆ ಅವಳಿಗೆ ತಿಳಿಯಬೇಕಾದ್ದೆಲ್ಲ ತಿಳಿಯಿತು.

ಸಾವಿನ ಹೆಸರಿಗೆ ಬೆಚ್ಚುವ ಹೆಂಗಸಲ್ಲ ಅವಳು. ಸಾಮೂಹಿಕ ಫಾರಮ್ಮಿನ ಕಾಲದಿಂದ ಹಸುಗಳ ಹಾಲು ಕರೆದು ಬೆರಳು ಸೊಟ್ಟಗಾಗಿದ್ದವು. ಗಂಡನನ್ನು ಮಣ್ಣಿಗೆ ಕಳಿಸಿ ಹನ್ನೆರಡು ವರ್ಷವಾಗಿತ್ತು. ಉಡಬೇಕಾದ ಬಿಳಿ ಬಟ್ಟೆಯನ್ನೂ ಪೆಟ್ಟಿಗೆಯ ತಳದಲ್ಲಿ ಮಡಿಸಿಟ್ಟಿದ್ದಳು. ಅವಳ ಗಂಟಲಿಗೆ ಸಿಕ್ಕಿಕೊಂಡಿದ್ದ ಮುಳ್ಳು ಒಂದೇ, ತಿಲೆಕ್. ವರ್ಷ ಆರಾದರೂ ಅವನಿಗೆ ನಡೆಯಲು ಬಾರದು, ಮಾತಿಲ್ಲ, ಕೇಳಿದ ಮಾತು ತಲೆಗೆ ಹೋಗುತ್ತದೋ ಇಲ್ಲವೋ ದೇವರೇ ಬಲ್ಲ. ದಿಂಬಿಗೆ ಒರಗಿಸಿದರೆ ಕೂರುತ್ತಾನೆ, ಹಿಂದೆ ಮುಂದೆ ತೂಗುತ್ತಾನೆ, ಬಟ್ಟಲಿಗೆ ಚಹಾ ಬಗ್ಗಿಸುವ ಸದ್ದು ಕೇಳಿದರೆ ಗೊಳ್ಳೆಂದು ನಗುತ್ತಾನೆ. ಉಣ್ಣುವುದು ಬುರುಲಳ ಕೈಯಿಂದ ಮಾತ್ರ. ಬಾರ್ಲಿಯ ಹುರಿಹಿಟ್ಟನ್ನು ಬೆಣ್ಣೆ ಹಾಕಿ ಕಲಸಿ, ಸಣ್ಣ ಉಂಡೆ ಮಾಡಿ, ಕೆನ್ನೆಯ ಒಳಬದಿಗೆ ಒತ್ತಿ, ಗಂಟಲು ಸವರಬೇಕು. ಬೇರೆ ಯಾರ ಕೈ ಬಂದರೂ ಹಲ್ಲು ಕಚ್ಚಿ ಹಿಡಿಯುತ್ತಾನೆ. ಒಮ್ಮೆ ಅವಳು ಜ್ವರದಿಂದ ಮಲಗಿದ್ದಾಗ ಹಸಿದು ಹಸಿದು ಅವನ ಕಣ್ಣು ಗುಳಿಬಿದ್ದಿತ್ತು. ಕಡೆಗೆ ಅವಳೇ ಜ್ವರದಲ್ಲಿ ಎದ್ದು ಕೂತು ತಿನ್ನಿಸಿದ್ದಳು.

ಊರಿನ ಲೆಕ್ಕದಲ್ಲಿ ತಿಲೆಕ್ ಅವಳ ಕಿರಿಮಗ. ಹೆತ್ತವಳು ಸೊಸೆ ಮೀರಿಮ್. ಮಗನ ಚೊಚ್ಚಲು ಅಜ್ಜ ಅಜ್ಜಿಯ ಪಾಲು ಎಂಬುದು ಆ ಕಡೆಯವರ ನಡವಳಿಕೆ. ಮಗು ಹುಟ್ಟಿ ನಲವತ್ತು ದಿನ ತುಂಬಿದಾಗ ನಲವತ್ತು ಮನೆಯ ಚಿಂದಿಯಿಂದ ಹೊಲಿದ ಅಂಗಿ ತೊಡಿಸಿ, ಕುರಿ ಕೊಯ್ದು ಊಟ ಹಾಕಿ, ಎಲ್ಲರೆದುರು ಬುರುಲ್ ಕೂಸನ್ನು ಎತ್ತಿಕೊಂಡಳು. "ಇವನು ನನ್ನವನು, ಮುಂದಿನವೆಲ್ಲ ನಿನ್ನವು" ಎಂದಳು. ಇಪ್ಪತ್ತರ ಹುಡುಗಿ ಮೀರಿಮ್ ಬಾಗಿ ನಮಸ್ಕರಿಸಿದಳು. ಎದೆಹಾಲು ಅಂಗಿಯನ್ನು ತೋಯಿಸುತ್ತಿತ್ತು, ಅದನ್ನು ಕಂಡ ಹೆಂಗಸರು ನಕ್ಕರು. ಅಂದಿನಿಂದ ಹೆತ್ತವಳು ಅತ್ತಿಗೆಯಾದಳು, ಹೆತ್ತಪ್ಪ ಅಣ್ಣನಾದ. ಬುರುಲಳ ಚೊಚ್ಚಲನ್ನೂ ಅವಳ ಅತ್ತೆ ಹೀಗೆಯೇ ಎತ್ತಿಕೊಂಡು ಹೋಗಿದ್ದಳು. ಆಗ ತಾನು ಕೊಟ್ಟಿಗೆಯಲ್ಲಿ ಹಸುವಿನ ಕುತ್ತಿಗೆಗೆ ಮುಖವೊತ್ತಿ ಅತ್ತದ್ದು ಅವಳಿಗೆ ಚೆನ್ನಾಗಿ ನೆನಪಿತ್ತು. ಆದರೂ ಎತ್ತಿಕೊಂಡಳು. ತಾನು ಕಳೆದುಕೊಂಡದ್ದನ್ನು ಹೀಗಾದರೂ ಪಡೆಯಬೇಕೆಂಬ ಆಸೆ, ಮತ್ತೇನು!

ಆ ಸೀಮೆಯ ಸೊಸೆಯಂದಿರು ಗಂಡನ ಕಡೆಯವರ ಹೆಸರು ಹೇಳುವಂತಿಲ್ಲ. ಮೈದುನನಾದರೆ ಅವನಿಗೊಂದು ಅಡ್ಡಹೆಸರು ಇಟ್ಟುಕೊಳ್ಳಬೇಕು. ಮೀರಿಮ್ ತಾನು ಹೆತ್ತ ಮಗನನ್ನು "ಚಿಕ್ಕವನು" ಎಂದು ಕರೆಯತೊಡಗಿದಳು. ತಿಲೆಕ್ ಎಂಬ ಹೆಸರು ಅವಳ ಬಾಯಿಂದ ಹೊರಡಲೇ ಇಲ್ಲ.

ಕೂಸಿಗೆ ಮೂರು ತಿಂಗಳಾದಾಗ ಒಮ್ಮೆ, ಒಲೆಗೆ ಬೆರಣಿ ಒಡ್ಡುತ್ತಿದ್ದವಳು, ತಲೆಯೆತ್ತದೆ ಹೇಳಿದ್ದಳು. "ಅಪಾ, ಚಿಕ್ಕವನ ಕತ್ತು ಇನ್ನೂ ನಿಲ್ತಿಲ್ಲ. ಎದುರು ಮನೆಯವರ ಕೂಸು ಆಗ್ಲೇ ಬೋರಲು ಬೀಳುತ್ತೆ. ಡಾಕ್ಟ್ರಿಗೆ ಒಂದ್ಸಲ..."

"ನಿನ್ನ ಗಂಡನೂ ಕೂಸಾಗಿದ್ದಾಗ ಹೀಗೇ ಸೋಮಾರಿ. ನಾನು ಇಷ್ಟು ಜನಾನ ಸಾಕಿಲ್ವಾ? ನೀನು ಒಲೆ ನೋಡ್ಕೋ" ಎಂದಿದ್ದಳು ಬುರುಲ್. ಮೀರಿಮ್ ಒಲೆ ನೋಡಿಕೊಂಡಳು. ಮತ್ತೆ ಆ ಮಾತೆತ್ತಲಿಲ್ಲ. ತಾಯಿಯಾಗಿದ್ದರೆ ಜಗಳವಾಡಿ ಮಗುವನ್ನು ಕಂಕುಳಲ್ಲಿ ಇರುಕಿಕೊಂಡು ಓಡುತ್ತಿದ್ದಳೇನೋ. ಅತ್ತಿಗೆಗೆ ಆ ಹಕ್ಕೆಲ್ಲಿ? ಬುರುಲ್ ತಾನಾಗಿ ಮಗುವನ್ನು ಡಾಕ್ಟರ ಬಳಿ ಒಯ್ಯುವ ಹೊತ್ತಿಗೆ ಅವನಿಗೆ ಎರಡು ತುಂಬಿತ್ತು. ಅದಕ್ಕೂ ಮುಂಚೆ ಮುಲ್ಲಾ ಮಂತ್ರಿಸಿ ಊದಿದ್ದು, ಸಂತರ ಸಮಾಧಿಯ ಮಣ್ಣು, ಎಲುಬು ತಿಕ್ಕುವವನ ಎಣ್ಣೆ ಎಲ್ಲ ಆಗಿತ್ತು. ಮುಂಚೆಯೇ ತಂದಿದ್ದರೆ ಸ್ವಲ್ಪ ಸುಧಾರಿಸುತ್ತಿದ್ದನೋ ಏನೋ ಎಂದರು ಡಾಕ್ಟರು. ಆ "ಏನೋ" ಎಂಬುದು ಅವಳ ಹೊಟ್ಟೆಯಲ್ಲಿ ಕಲ್ಲಾಗಿ ಕೂತಿತು.

ಆಮೇಲೆ ಮೀರಿಮ್ ಇಬ್ಬರು ಹೆಣ್ಣುಮಕ್ಕಳನ್ನು ಹೆತ್ತಳು. ಅದೇ ಅಂಗಳದ ಆಚೆ ತುದಿಯಲ್ಲಿ ಕುಬನ್ ಹೊಸ ಮನೆ ಕಟ್ಟಿದ. ಹುಡುಗಿಯರು ಓಡಿದರು, ಹಾಡಿದರು, ಮೊಂಡು ಹಿಡಿದು ಏಟು ತಿಂದರು. ಮೀರಿಮ್ ಅತ್ತೆಯ ಮನೆಗೆ ದಿನವೂ ಬಂದು ನೆಲ ಗುಡಿಸುತ್ತಾಳೆ, ಚಿಕ್ಕವನ ಬಟ್ಟೆ ಒಗೆದು ಹಾಕುತ್ತಾಳೆ, ಒಂದು ಮಾತು ಆಚೀಚೆ ಆಡುವುದಿಲ್ಲ. ಅವಳಂಥ ಸೊಸೆ ಇಲ್ಲ ಎಂದು ಊರೇ ಹೊಗಳುತ್ತದೆ.

ದ್ರಾಕ್ಷಿ ತಂದ ವಾರದಲ್ಲಿ ಕುಬನ್ ಬಾಯಿಬಿಟ್ಟ. "ಇಂಥ ಮಕ್ಕಳಿಗೇ ಅಂತ ಸರ್ಕಾರದ್ದು ಒಂದು ಮನೆ ಇದೆಯಂತೆ ಅಪಾ. ಹಾಸಿಗೆ, ಊಟ, ಎಲ್ಲ ಕೊಡ್ತಾರಂತೆ."

"ಅಲ್ಲಿ ಯಾರ ಕೈಯಿಂದ ತಿಂತಾನೋ?"

ಕುಬನ್ ಎದ್ದು ಹೊರಗೆ ಹೋದ. ಬುರುಲ್ ಸೊಸೆಯನ್ನು ಕರೆಸಿದಳು. ಕೂರಲು ಹೇಳಿದರೂ ಅವಳು ಬಾಗಿಲ ಹತ್ತಿರವೇ ನಿಂತಳು.

"ಮಗಳೇ, ನಾನು ನಾಳೆಯಿಂದ ಗುಲ್ಸುನ್ ಮನೇಲಿರ್ತೀನಿ. ಅವನಿಗೆ ನೀನು ತಿನ್ಸು. ನಾನು ಕಣ್ಣಿಗೆ ಬೀಳದಿದ್ರೆ ಹಸಿವಿಗಾದ್ರೂ ಬಾಯಿ ತೆಗೀತಾನೆ. ನಿನ್ನ ಕೈ ಅಭ್ಯಾಸ ಆಗ್ಲಿ."

"ಆಗ್ಲಿ ಅಪಾ."

"ಹೆಸರು ಹಿಡಿದು ಕರಿ. ಇನ್ಮೇಲೆ ನಿನಗೆ ಆ ಕಟ್ಟು ಇಲ್ಲ, ನಾನೇ ಬಿಡಿಸ್ತಿದೀನಿ. ತಿಲೆಕ್ ಅನ್ನು."

ಮೀರಿಮ್ ತುಟಿ ಅಲುಗಿಸಿದಳು. ಶಬ್ದ ಹೊರಡಲಿಲ್ಲ. "ಹಿಟ್ಟು ಕಲಸಿಡ್ತೀನಿ" ಎಂದು ಹೊರಟುಹೋದಳು.

ಗುಲ್ಸುನ್ ಬೇಲಿಯಾಚೆಯ ಮುದುಕಿ, ಫಾರಮ್ಮಿನಲ್ಲಿ ಬುರುಲಳ ಜೊತೆ ಹಾಲು ಕರೆದವಳು, ನಾಲಿಗೆಗೆ ಬೇಲಿಯಿಲ್ಲದವಳು. ಗೆಳತಿಗೆ ಹಾಸಿಗೆ ಹಾಸಿಕೊಟ್ಟು, "ಅಂತೂ ಸಾಯೋ ಹೊತ್ತಿಗೆ ಗಂಡನ ಮನೆ ಬಿಟ್ಟು ಓಡಿ ಬಂದ್ಯಲ್ಲೇ!" ಎಂದು ಕಿಚಾಯಿಸಿದಳು. ಬುರುಲ್ ನಗಲಿಲ್ಲ. ಕಿಟಕಿಗೆ ಕಿವಿಯಿಟ್ಟು ಕೂತಿದ್ದಳು. ಮೊದಲ ದಿನವೆಲ್ಲ ತಿಲೆಕ್ ಅರಚುವುದು ಕೇಳಿಸಿತು. ಮರುದಿನ ಅರಚುವ ಶಕ್ತಿಯೂ ಇಲ್ಲದೆ ಕುಯ್ಯೆನ್ನುವುದು ಕೇಳಿಸಿತು. ಮೀರಿಮ್ ಬಂದು ಬೇಲಿಯ ಬಳಿ ನಿಂತು, "ನೀರೂ ಉಗೀತಿದಾನೆ ಅಪಾ" ಎಂದಳು. ಅವಳ ಮುಂಗೈ ಮೇಲೆ ಹಲ್ಲಿನ ಗುರುತು ಕೆಂಪಗೆ ಕೂತಿತ್ತು. ಬುರುಲ್ ಎದ್ದು ಓಡಲು ಹೊರಟಳು, ಗುಲ್ಸುನ್ ರಟ್ಟೆ ಹಿಡಿದು ಕೂರಿಸಿದಳು.

"ನೀನು ಹೋದ್ರೆ ಎರಡು ದಿನದ ಉಪವಾಸ ನೀರಲ್ಲಿ ಹೋಮ. ಲೇ, ಕರು ಸತ್ತ ಹಸುಗೆ ಏನ್ಮಾಡ್ತಿದ್ವಿ ನಾವು? ಕರು ಚರ್ಮಕ್ಕೆ ಹುಲ್ಲು ತುಂಬಿ ಮುಂದೆ ನಿಲ್ಲಿಸ್ತಿರ್ಲಿಲ್ವಾ? ಹಸು ಅದನ್ನ ಮೂಸಿ ನೆಕ್ಕಿ ಹಾಲು ಬಿಡ್ತಿತ್ತು. ನಿನ್ನ ಮೈಮೇಲಿರೋ ನಿಲುವಂಗಿ, ತಲೆವಸ್ತ್ರ ಬಿಚ್ಚಿ ಅವಳಿಗೆ ಕೊಡು. ಹೊಗೆ, ಬೆಣ್ಣೆ, ಮುದುಕಿ ಬೆವರು, ಆ ವಾಸನೆ ಸಾಕು ಅವನಿಗೆ."

ಬುರುಲ್ ಒಂದು ಕ್ಷಣವೂ ಯೋಚಿಸಲಿಲ್ಲ. ಯೋಚಿಸಬೇಕಿತ್ತು. ತನ್ನ ಕೈಯಾರೆ ಬೇಲಿಯ ಮೇಲಿಂದಲೇ ಸೊಸೆಗೆ ನಿಲುವಂಗಿ ತೊಡಿಸಿದಳು, ಬಿಳಿ ವಸ್ತ್ರವನ್ನು ತಾನು ಸುತ್ತುವಂತೆಯೇ ಹಣೆ ಮುಚ್ಚಿ ಸುತ್ತಿದಳು. "ಮಾತಾಡ್ಬೇಡ. ನಿನ್ನ ದನಿ ಕೇಳಿದ್ರೆ ಗೊತ್ತಾಗ್ಬಿಡುತ್ತೆ. ನನ್ನ ಹಾಗೆ ಒಂಚೂರು ಕೆಮ್ಮು" ಎಂದಳು. ಇಪ್ಪತ್ತಾರರ ಹೆಂಗಸು ಮುದುಕಿಯ ವೇಷದಲ್ಲಿ ಅಂಗಳ ದಾಟಿ ಹೋದಳು. ಗುಲ್ಸುನ್ ನಗು ತಡೆಯಲಾಗದೆ ಬಾಯಿಗೆ ತಲೆವಸ್ತ್ರದ ಚುಂಗು ತುರುಕಿಕೊಂಡಳು.

ಬುರುಲ್ ಹಿಂದೆಯೇ ಸದ್ದಿಲ್ಲದೆ ಹೋಗಿ ಕಿಟಕಿಯಲ್ಲಿ ಇಣುಕಿದಳು. ಮೀರಿಮ್ ದಿಂಬಿನ ಪಕ್ಕ ಕೂತು ಕೆಮ್ಮಿದಳು. ತಿಲೆಕ್ ತೋಳಿಗೆ ಮೂಗು ಒತ್ತಿದ. ತೂಗಾಟ ನಿಂತಿತು. ಬಾಯಿ ತೆರೆಯಿತು. ಒಂದು ಉಂಡೆ ಹೋಯಿತು, ಮತ್ತೊಂದು ಹೋಯಿತು, ಬಟ್ಟಲು ಖಾಲಿಯಾಗುವವರೆಗೆ ಗಬಗಬನೆ ತಿಂದ. ತಿಂದು, ಆ ತೋಳಿನ ಮೇಲೆಯೇ ತಲೆಯಿಟ್ಟು ನಿದ್ದೆಹೋದ. ಬುರುಲಳ ಕಣ್ಣಲ್ಲಿ ನೀರು ಧಾರಾಕಾರ ಇಳಿಯಿತು. ಇನ್ನು ತಾನು ಯಾವತ್ತು ಹೋದರೂ ಚಿಂತೆಯಿಲ್ಲ ಎನ್ನಿಸಿತು. ಆರು ವರ್ಷದಲ್ಲಿ ಅವಳು ಸಂತೋಷಪಟ್ಟದ್ದು ಅದೊಂದೇ ಸಲ.

ಮೀರಿಮ್ ಹೊರಬಂದಳು. ಜಗಲಿಯ ಮೇಲೆ ನಿಂತು ತಲೆವಸ್ತ್ರ ಬಿಚ್ಚಿದಳು, ನಿಲುವಂಗಿ ಬಿಚ್ಚಿ ನೀಟಾಗಿ ಮಡಿಸಿದಳು, ಎರಡನ್ನೂ ಅತ್ತೆಯ ಕೈಗಿಟ್ಟಳು.

"ತಿಂದ ಅಪಾ. ನಿಮ್ಮ ಕೈಯಿಂದ ತಿಂದ."

"ನಿನ್ನ ಕೈಯಿಂದ ಮಗಳೇ, ನಿನ್ನ ಕೈಯಿಂದ! ಕ್ರಮೇಣ ವಸ್ತ್ರ ಬಿಟ್ಟು..."

"ನನಗೆ ಬೇಲಿ ಹತ್ರ ಕೇಳಿಸ್ತು ಅವರು ಹೇಳಿದ್ದು. ಹುಲ್ಲು ತುಂಬಿದ ಚರ್ಮ." ಮೀರಿಮಳ ದನಿಯಲ್ಲಿ ಸಿಟ್ಟಿರಲಿಲ್ಲ. ಸಿಟ್ಟಿದ್ದರೆ ಬುರುಲ್ ಕಾಲು ಹಿಡಿದು ಬೇಡಿಕೊಳ್ಳುತ್ತಿದ್ದಳು. "ಅವತ್ತು ನೀವು ಎತ್ತಿಕೊಂಡಾಗ ನನಗೆ ಹುಚ್ಚೇ ಹಿಡೀತಿತ್ತು ಅಪಾ. ಎದೆ ಕಲ್ಲಾಗಿ ನೋಯ್ತಿತ್ತು, ಅವನು ನಿಮ್ಮ ಮಡಿಲಲ್ಲಿ ಅತ್ತರೆ ನನ್ನ ಎದೆಯಲ್ಲಿ ಹಾಲು ಸುರೀತಿತ್ತು. ಬದುಕಬೇಕಲ್ಲ? ಇವನು ನನ್ನ ಮೈದುನ, ನನ್ನ ಮೈದುನ ಅಂತ ದಿನಾ ಹೇಳ್ಕೊಂಡೆ. ಹೇಳ್ತಾ ಹೇಳ್ತಾ ನಿಜವಾಗ್ಹೋಯ್ತು. ಈಗ ತೋಳಿನ ಮೇಲೆ ಮಲಗಿದ್ನಲ್ಲ, ನನ್ನೊಳಗೆ ಹುಡುಕಿದೆ. ಸುಳ್ಳು ಹೇಳಲ್ಲ, ತುಂಬಾ ಹುಡುಕಿದೆ. ಏನೂ ಇಲ್ಲ ಅಪಾ. ನೀವಿರೋವರೆಗೂ ಬಟ್ಟೆ ಒಗೀತೀನಿ, ಗುಡಿಸ್ತೀನಿ. ನೀವು ಹೋದ್ಮೇಲೆ ನನ್ನನ್ನ ನೀವಾಗು ಅನ್ಬೇಡಿ. ನನಗೆ ಎರಡು ಮಕ್ಕಳಿದಾರೆ."

ಹೇಳಿ, ಪದ್ಧತಿಯಂತೆ ಬಾಗಿ ನಮಸ್ಕರಿಸಿ, ಅಂಗಳ ದಾಟಿ ತನ್ನ ಮನೆಗೆ ಹೋದಳು. ಹುಡುಗಿಯರು ಓಡಿಬಂದು ಅವಳ ಕಾಲಿಗೆ ತೊಡರಿಕೊಂಡರು. ಅವಳು ಚಿಕ್ಕದನ್ನು ಎತ್ತಿಕೊಂಡು ಹೆಸರು ಹಿಡಿದು ಗದರಿದಳು. ಆ ಗದರಿಕೆಯಲ್ಲಿ ತುಂಬಿದ್ದ ಪ್ರೀತಿ ಬುರುಲಳಿಗೆ ಅಂಗಳದ ಈಚೆ ತುದಿಯವರೆಗೂ ಕೇಳಿಸಿತು.

ಬುರುಲ್ ಗೋಡೆ ಹಿಡಿದುಕೊಂಡು ಒಳಗೆ ಹೋದಳು. ಹೆಜ್ಜೆಯ ಸದ್ದಿಗೆ ತಿಲೆಕ್ ಎಚ್ಚರಗೊಂಡ. ಅವಳು ನಿಲುವಂಗಿ ಹಾಕಿರಲಿಲ್ಲ, ತಲೆಗೆ ವಸ್ತ್ರವಿರಲಿಲ್ಲ, ನರೆಗೂದಲು ಕೆದರಿತ್ತು. ಗುರುತು ಹಿಡಿಯದಿರಲಿ ದೇವರೇ, ತಾನಿಲ್ಲದೆಯೂ ಇವನು ಬದುಕುವಂತಾಗಲಿ, ಇದೊಂದು ಸಲ ಹಲ್ಲು ಕಚ್ಚಿ ಮುಖ ತಿರುಗಿಸಿಬಿಡಲಿ ಎಂದು ಅವಳು ಮನಸ್ಸಿನಲ್ಲೇ ಬೇಡಿಕೊಂಡಳು. ತಿಲೆಕ್ ಅವಳನ್ನು ನೋಡಿದ, ಮುಖವರಳಿಸಿ ನಕ್ಕ, ಹೊಟ್ಟೆ ತುಂಬಿದ್ದರೂ ಬಾಯಿ ತೆರೆದ.