ಜಂಬಪ್ಪನ ಎರಡು ತಂತಿ, ಒಂದು ಉಂಗುರ

ಬೆಳಗಿನ ಐದು ಗಂಟೆ. ಆದೋನಿಯ ಮಾರ್ಕೆಟ್ ಹಿಂದಿನ ಓಣಿಯಲ್ಲಿ ಜಂಬಪ್ಪ ಆಗಲೇ ಅಂಗಡಿ ತೆರೆದು ಕೂತಿದ್ದಾರೆ. ಬೆರಳಿನ ಉಂಗುರದಷ್ಟಿರುವ, ಕಾಂತಗುಣದ ಕಪ್ಪು ಫೆರೈಟ್ ಬಳೆಗೆ ಕೂದಲೆಳೆಯಂಥ ಎರಡು ತಾಮ್ರದ ತಂತಿಗಳನ್ನು ಜೋಡಿಯಾಗಿ ಸುತ್ತುತ್ತಿದ್ದಾರೆ. ತುಟಿ ಎಣಿಸುತ್ತಿದೆ: ಹದಿನೆಂಟು, ಹತ್ತೊಂಬತ್ತು, ಇಪ್ಪತ್ತು. ಅಂಗಡಿಯಲ್ಲಿ ದೀಪವಿಲ್ಲ. ಅವರಿಗದು ಬೇಕಾಗಿಯೂ ಇಲ್ಲ.

ಟಾರ್ಚಿನಲ್ಲಿ ಮುಗಿದ ಸೆಲ್ಲಿನೊಳಗೂ ಸ್ವಲ್ಪ ಜೀವ ಉಳಿದಿರುತ್ತದೆ. ಒಂದು ವೋಲ್ಟು, ಅಷ್ಟೂ ಇಲ್ಲ. ಬಿಳಿ ಎಲ್‌ಇಡಿಗೆ ಮೂರು ಬೇಕು. ಈ ಉಂಗುರಕ್ಕೆ ಒಂದು ಟ್ರಾನ್ಸಿಸ್ಟರ್, ಒಂದು ರೆಸಿಸ್ಟರ್ ಸೇರಿಸಿದರೆ ಆ ಒಂದು ವೋಲ್ಟು ಮೂರಕ್ಕೆ ಏರುತ್ತದೆ. "ಬಿಸಾಕಿದ್ ಸೆಲ್ಲು ಇನ್ನ ಎಂಟ್ ದಿನ ಬದುಕ್ತೈತ್ರಿ ಅಮ್ಮ," ಎನ್ನುತ್ತಾರೆ, ಕೆಲಸ ನೋಡಲು ಬಂದು ಕೂತ ನನಗೆ. ರೇಡಿಯೋ ರಿಪೇರಿ ನಿಂತ ಮೇಲೆ ಹದಿನಾಲ್ಕು ವರ್ಷಗಳಿಂದ ಇದೇ ಕೆಲಸ. ನಸುಕಿನಲ್ಲಿ ಮಲ್ಲಿಗೆ ಬಿಡಿಸಲು ಹೋಗುವ ಹೆಣ್ಣುಮಕ್ಕಳು ಹಣೆಗೆ ಕಟ್ಟಿಕೊಳ್ಳುವುದು ಇವರ ದೀಪವನ್ನೇ. ದಿನಕ್ಕೆ ಹನ್ನೆರಡು ಮಾಡುತ್ತಿದ್ದವರು, ಈಗ ಎರಡಾದರೆ ಹೆಚ್ಚು.

ಕಣ್ಣಿನ ನರ ಒಣಗಿದೆ, ಹೋದ ದೃಷ್ಟಿ ಬಾರದು ಎಂದಿದ್ದಾರೆ ಡಾಕ್ಟರು. ಸಂಕ್ರಾಂತಿಯಿಂದೀಚೆಗೆ ಬೆಳಕು, ಕತ್ತಲೆ ಎಂಬುದೂ ತಿಳಿಯುತ್ತಿಲ್ಲ. ಒಂದು ತಂತಿಯ ಮೊದಲಿಗೆ ಇನ್ನೊಂದರ ಕೊನೆಯನ್ನು ಕೂಡಿಸಬೇಕು. ತಪ್ಪಿದರೆ ದೀಪ ಹತ್ತದು. ಗುರುತಿಗೆ ಒಂದರ ತುದಿಗೆ ಗಂಟು ಹಾಕಿಕೊಳ್ಳುತ್ತಾರೆ. ಇವತ್ತು ತುದಿಯ ಮೇಲಿನ ಲೇಪ ಕೆರೆಯುವಾಗ ಬ್ಲೇಡಿಗೆ ಸಿಕ್ಕಿ ಆ ಗಂಟೇ ಹಾರಿಹೋಗುತ್ತದೆ. ಇನ್ನೊಂದು ತಂತಿಯ ಸುಕ್ಕನ್ನು ಗಂಟೆಂದುಕೊಂಡು ಹೊಸೆದುಬಿಡುತ್ತಾರೆ.

ಅಷ್ಟರಲ್ಲಿ ಹೂ ಬಿಡಿಸುವ ಸುಂಕಲಮ್ಮ ಬರುತ್ತಾರೆ. "ಏನಣ್ಣಾ, ಮಲ್ಲಿಗಿ ಅರಳಿ ಉದುರಿದ್ ಮ್ಯಾಲ ಕೊಡ್ತೀಯೇನು?"

"ಬಾಯಿ ಜೋರ್ ಮಾಡಬ್ಯಾಡ ತಾಯಿ, ತಗೋ. ಹತ್ತೈತಾ?"

ಹತ್ತಿಲ್ಲ. ಸುಂಕಲಮ್ಮ ದೀಪ ನೋಡುತ್ತಾರೆ, ಜಂಬಪ್ಪನ ಮುಖ ನೋಡುತ್ತಾರೆ. "ಹತ್ತೈತಣ್ಣಾ. ಮಸ್ತ್ ಐತಿ." ಉರಿಯದ ಆ ದೀಪವನ್ನೇ ಹಣೆಗೆ ಬಿಗಿದುಕೊಂಡು ಕತ್ತಲಲ್ಲಿ ತೋಟದ ಕಡೆ ಹೊರಡುತ್ತಾರೆ.

ಆಕೆಯ ಹೆಜ್ಜೆ ಸಪ್ಪಳ ದೂರಾದ ಮೇಲೆ ಜಂಬಪ್ಪ ನನ್ನ ಕಡೆ ತಿರುಗುತ್ತಾರೆ.

"ಹತ್ತಿಲ್ಲ ಬಿಡ್ರಿ. ಹತ್ತಿದ್ರ ಆಕಿ ದೀಪಕ್ಕ ಕೈ ಮುಗೀತಿದ್ಳು, ಕೈಯಾಗಿನ ಗಾಜಿನ ಬಳಿ ಸಪ್ಪಳ ಬರ್ತಿತ್ತು. ವಾರಾತು, ಯಾರ ಕೈಬಳಿ ಸಪ್ಪಳಾನೂ ಕೇಳಿಲ್ಲ. ಎಲ್ಲಾರೂ ಮಸ್ತ್ ಐತಿ ಅಂತಾರ. ನನ್ ಮನಸ್ ನೋಯಬಾರ್ದಂತ ಹುಳಾಹುಪ್ಪಟಿ ಇರೋ ತ್ವಾಟಕ್ಕ ಕತ್ತಲಾಗ ಹೊಕ್ಕಾರ್ರಿ."

ನಿಮಗೇನು ಬೇಕು ಎಂದು ನಾನು ಕೇಳಿದರೆ, ಸುರುಳಿಯಿಂದ ಬಿಚ್ಚಿದ ಹೊಸ ತಂತಿಯನ್ನು ಬೆರಳಿಗೆ ಸುತ್ತುತ್ತ ಹೇಳುತ್ತಾರೆ: "ಏನೂ ಬ್ಯಾಡ್ರಿ. ಹತ್ತಿಲ್ಲಂದ್ರ ಹತ್ತಿಲ್ಲ ಅಂತ ಒಬ್ರಾದ್ರೂ ಬೈಲಿ. ಬಿಚ್ಚಿ ಇನ್ನೊಮ್ಮೆ ಸುತ್ತತೀನಿ."